ನೀರಿದೆ, ಆಳವಿದೆ, ಅಪ್ಪಣೆ ಯಾರದು?

ನೀರೊಳಗೆ ಅಡಗಿ ಕೂರುವ ವಿದ್ಯೆಯ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ಕುರುಕ್ಷೇತ್ರದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡ ದುರ್ಯೋಧನ ಜಲಸ್ತಂಭ ವಿದ್ಯೆಯ ಬಲದಿಂದ ವೈಶಂಪಾಯನ ಸರೋವರದ ತಳ ಸೇರಿದ್ದನ್ನು ಗಮಕ, ಯಕ್ಷಗಾನ, ಮೂಡಲಪಾಯ ಕೇಳಿ ಬೆಳೆದವರೆಲ್ಲ ಬಲ್ಲರು. ಆ ಕೊಳಕ್ಕಿಳಿಯಲು ಕುರುಪತಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇವತ್ತು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳ ನೋಡಿ ಬರಬೇಕೆನ್ನುವ ಬೆಂಗಳೂರಿನ ಯುವಕ ಯುವತಿಯರಿಗೆ ವಿದ್ಯೆ ಕಲಿಸುವ ಶಾಲೆಗಳು ನಗರದಲ್ಲೇ ಇವೆ. ಸಿಗದೆ ಇರುವುದು ಸರೋವರ.

ಸಮುದ್ರಕ್ಕಾದರೆ ದಾರಿ ಸಿದ್ಧವಿದೆ. ಈಜುಕೊಳದಲ್ಲಿ ಪ್ರಾಥಮಿಕ ಪಾಠ ಮುಗಿಸಿದವರು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ ತಲುಪಿ, ಮಾರ್ಗದರ್ಶಕರ ಕೈ ಹಿಡಿದು ಹವಳದ ನಡುವೆ ಮುಳುಗುತ್ತಾರೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಆ ನೀಲಿ ಲೋಕವನ್ನು ಹಳ್ಳಿಯ ಟೆಂಟಿನವರೆಗೂ ಕೊಂಡೊಯ್ದಿತು. ಆದರೆ ಮುರುಡೇಶ್ವರ ಬೆಂಗಳೂರಿನಿಂದ ಸುಮಾರು 500 ಕಿ.ಮೀ. ದೂರ. ಮೇಲಾಗಿ ಮಳೆಗಾಲದಲ್ಲಿ ಕಡಲು ಬಾಗಿಲು ಹಾಕಿಕೊಳ್ಳುತ್ತದೆ. ಆಗ ಕಣ್ಣು ಬೀಳುವುದು ಹತ್ತಿರದ ಸಿಹಿನೀರಿನ ಮೇಲೆ, ಅಂದರೆ ಮೈಸೂರು ರಸ್ತೆಯಲ್ಲಿ ಒಂದು ಗಂಟೆಯ ದಾರಿಯಾದ ರಾಮನಗರ ಸೀಮೆಯ ಮೇಲೆ.

ಬಂಡೆ ಹತ್ತುವವರಿಗೆ ಈ ಸೀಮೆ ಎಂದೋ ತೌರುಮನೆಯಾಗಿದೆ. 1975ರ ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಯವಾದ ಬೆಟ್ಟಗಳಿವು. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಸಲು ಸಚಿವ ಸಂಪುಟ ತೀರ್ಮಾನಿಸಿದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನಾಡು ಇದು. ಬಂಡೆ ಹತ್ತಬಹುದಾದರೆ ನೀರಿಗೆ ಇಳಿಯಲು ಏನು ಅಡ್ಡಿ? ಪ್ರಶ್ನೆ ಸರಳವಾಗಿದೆ. ಉತ್ತರ ಹುಡುಕಿಕೊಂಡು ಹೊರಟವರು ಒಂದೊಂದು ನೀರಿಗೂ ಒಂದೊಂದು ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಉಸಿರಿನ ಲೆಕ್ಕ

ಸ್ಕೂಬಾ ಎಂಬುದು ಯಾರದೋ ಹೆಸರಲ್ಲ. ನೀರಿನಡಿ ಉಸಿರಾಡಲು ಬೇಕಾದುದನ್ನೆಲ್ಲ ಮುಳುಗುವವನೇ ಹೊತ್ತೊಯ್ಯುವ ಸಲಕರಣೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಪೋಣಿಸಿದ ಮಾಲೆ ಅದು. ಇಂದಿನ ಸಲಕರಣೆಯ ಮೂಲರೂಪವನ್ನು 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ರೂಪಿಸಿದರು. ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಜಾಣತನವಿರುವುದು ಬಾಯಿಗೆ ಕಚ್ಚಿಕೊಳ್ಳುವ ನಿಯಂತ್ರಕದಲ್ಲಿ. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ, ಇಪ್ಪತ್ತಕ್ಕೆ ಮೂರು ಪಟ್ಟು. ಸುತ್ತಲಿನ ನೀರು ಎಷ್ಟು ಒತ್ತುತ್ತದೆಯೋ ಅಷ್ಟೇ ಒತ್ತಡದಲ್ಲಿ ಗಾಳಿಯನ್ನು ಈ ಯಂತ್ರ ಕೊಡುವುದರಿಂದ ಎದೆ ಕುಗ್ಗುವುದಿಲ್ಲ.

ಅಪಾಯ ಇರುವುದೂ ಇದರಲ್ಲೇ. ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ. ಗಾಬರಿಯಿಂದ ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದವನ ಶ್ವಾಸಕೋಶ ಹರಿಯಬಹುದು. ಬಾವಿಯಲ್ಲಿ ಈಜು ಕಲಿತವನಿಗೆ ಉಸಿರು ಕಟ್ಟುವುದೇ ಮೊದಲ ಪಾಠ; ಸ್ಕೂಬಾದಲ್ಲಿ ಎಂದೂ ಉಸಿರು ಕಟ್ಟಬಾರದು ಎಂಬುದು ಮೊದಲ ಪಾಠ. ಹಳ್ಳಿಯ ನುರಿತ ಈಜುಗಾರನೂ ಇಲ್ಲಿ ಒಂದನೇ ತರಗತಿಯ ವಿದ್ಯಾರ್ಥಿ. ಇನ್ನೊಂದು ಅಪಾಯ ಸಾರಜನಕದ್ದು. ಆಳದಲ್ಲಿ ಅದು ರಕ್ತ, ಮಾಂಸಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಅವಸರಪಟ್ಟರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳಾಗಿ ಕೀಲು, ನರಗಳನ್ನು ಹಿಡಿಯುತ್ತದೆ. ಇದಕ್ಕೆ ಬೇಕಾದ ಒತ್ತಡದ ಕೋಣೆಯ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ.

ನೇತ್ರಾಣಿಯಲ್ಲಿ ಕಲಿತ ಲೆಕ್ಕವನ್ನು ರಾಮನಗರದಲ್ಲಿ ಹಾಗೆಯೇ ಬಳಸುವಂತಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇರಬಹುದು ಎಂಬ ಕೋಷ್ಟಕಗಳೆಲ್ಲ ಸಮುದ್ರ ಮಟ್ಟಕ್ಕೆ ಸಿದ್ಧಪಡಿಸಿದವು. ಸಮುದ್ರ ಮಟ್ಟದಿಂದ ಸುಮಾರು 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗುವಾಗ ಅವುಗಳನ್ನು ತಿದ್ದಿಕೊಳ್ಳಬೇಕೆಂಬುದು ರೂಢಿ. ರಾಮನಗರ ಇರುವುದು ಸುಮಾರು 750 ಮೀಟರು ಎತ್ತರದಲ್ಲಿ, ಮಾಗಡಿ ಇನ್ನೂ ಮೇಲೆ. ರಾಮನಗರದಲ್ಲಿ ಗಾಳಿಯ ಒತ್ತಡವೇ ಶೇ. 8ರಿಂದ 9ರಷ್ಟು ಕಡಿಮೆ. ಇಲ್ಲಿ 20 ಮೀಟರು ಇಳಿದವನು ಕೋಷ್ಟಕದಲ್ಲಿ 22 ಮೀಟರಿನ ಸಾಲು ನೋಡಿಕೊಳ್ಳುವುದು ಕ್ಷೇಮ. ಸಿಹಿನೀರು ಉಪ್ಪುನೀರಿಗಿಂತ ಶೇ. ಎರಡೂವರೆಯಷ್ಟು ಹಗುರ. ಹಾಗಾಗಿ ಸಲಕರಣೆ ಸೇರಿ ನೂರು ಕಿಲೋ ತೂಗುವವನು ಕಡಲಿನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಸೀಸದಲ್ಲಿ ಎರಡೂವರೆ ಕಿಲೋದಷ್ಟನ್ನು ಇಲ್ಲಿ ಬಿಚ್ಚಿಡಬೇಕು. ಇಲ್ಲವಾದರೆ ಕಲ್ಲಿನಂತೆ ಮುಳುಗುತ್ತಾನೆ.

ನಾಲ್ಕು ತಾಲ್ಲೂಕಿನ ನೀರು

ಭೂಪಟ ಹರಡಿ ಕುಳಿತರೆ ನೀರಿಗೆ ಬರವಿಲ್ಲ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ ಮಾಗಡಿ ರಸ್ತೆಯ ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿ ಸೇರುತ್ತದೆ. ಆ ಕೂಡಲಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ 1933ರಲ್ಲಿ ಪೂರ್ಣಗೊಂಡ ಚಾಮರಾಜಸಾಗರ ಜಲಾಶಯವಿದೆ; ಪೂರ್ಣ ಮಟ್ಟ 74 ಅಡಿ. ಅದರ ಕೆಳಗೆ ಸಾವನದುರ್ಗದ ಮಗ್ಗುಲಲ್ಲಿ ಮಂಚನಬೆಲೆ. ನದಿ ರಾಮನಗರ, ಕನಕಪುರ ದಾಟಿದ ಮೇಲೆ ಹಾರೋಬೆಲೆ. ಆಮೇಲೆ ಸಂಗಮದಲ್ಲಿ ಕಾವೇರಿಯ ಮಡಿಲು, ಅಲ್ಲಿಂದ ತುಸು ಮುಂದೆ ಮೇಕೆದಾಟು. ಚನ್ನಪಟ್ಟಣದ ಕಡೆ 1946ರ ಕಣ್ವ ಜಲಾಶಯವಿದೆ, ಶಿಂಷಾ ನದಿಗೆ ಇಗ್ಗಲೂರು ಬ್ಯಾರೇಜು ಇದೆ. ಇಗ್ಗಲೂರಿನಿಂದ ನೀರೆತ್ತಿ ತುಂಬಿಸುವ ಯೋಜನೆ ಬಂದ ಮೇಲೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳೂ ತುಂಬಿ, ತಾಲ್ಲೂಕಿನ ಚುನಾವಣಾ ಭಾಷಣಗಳಿಗೂ ವಿಷಯ ಒದಗಿಸಿವೆ.

ಆದರೆ ಮುಳುಗುವವನ ಕಣ್ಣು ಬೇರೆ. ಅವನಿಗೆ ನೀರು ತಿಳಿಯಾಗಿರಬೇಕು, ಸೆಳೆತ ಇರಬಾರದು, ಇಳಿಯಲು ಮತ್ತು ಅದಕ್ಕಿಂತ ಮುಖ್ಯವಾಗಿ ಹತ್ತಲು ಜಾಗವಿರಬೇಕು. ಈ ಮೂರು ಮಾತಿಗೆ ಪಟ್ಟಿಯ ಬಹುಪಾಲು ಹೆಸರುಗಳು ಅಳಿಸಿಹೋಗುತ್ತವೆ.

ಕೆರೆಗಳನ್ನೇ ನೋಡಿ. ತಲೆತಲಾಂತರದಿಂದ ತುಂಬಿದ ಹೂಳಿನಿಂದ ಆಳ ಕಡಿಮೆ. ಕಾಲಿನ ರೆಕ್ಕೆಯನ್ನು ಒಮ್ಮೆ ಬಡಿದರೆ ಸಾಕು, ಹೂಳೆದ್ದು ಕೈ ಚಾಚಿದರೆ ಕೈ ಕಾಣದಂತಾಗುತ್ತದೆ. ಜೊಂಡು, ಅದರ ನಡುವೆ ಕಣ್ಣಿಗೆ ಕಾಣದ ನೈಲಾನ್ ಮೀನುಬಲೆ. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ತೂಬು. ಗದ್ದೆಗೆ ನೀರು ಬಿಡುವಾಗ ತೂಬಿನ ಬಾಯಿಯ ಒಂದು ಬದಿಗೆ ಕೆರೆಯ ಒತ್ತಡ, ಇನ್ನೊಂದು ಬದಿಗೆ ಬರಿಯ ಗಾಳಿ. ಐದು ಮೀಟರು ಆಳದಲ್ಲಿರುವ ಒಂದು ಅಡಿ ಉದ್ದಗಲದ ಬಾಯಿಗೆ ಮೈ ತಾಗಿ ಮುಚ್ಚಿಕೊಂಡರೆ ಅವನನ್ನು ಅಲ್ಲಿ ಅದುಮಿ ಹಿಡಿಯುವ ಭಾರ ನಾಲ್ಕೂವರೆ ಕ್ವಿಂಟಲಿಗೂ ಹೆಚ್ಚು. ನಾಲ್ಕು ಜನ ಎಳೆದರೂ ಅವನನ್ನು ಬಿಡಿಸಲಾಗದು; ತೂಬು ಮುಚ್ಚಿದರಷ್ಟೇ ಬಿಡುಗಡೆ. ಅಣೆಕಟ್ಟೆಗಳ ತೂಬು, ಗೇಟುಗಳಿಗೂ ಇದೇ ಮಾತು ಅನ್ವಯ, ಅಲ್ಲಿ ಆಳ ಹೆಚ್ಚಿದಂತೆ ಭಾರವೂ ಹೆಚ್ಚು. ನೀರು ಬಿಡುವ ಸಿಬ್ಬಂದಿಗೆ ತಿಳಿಯದಂತೆ ಅಣೆಕಟ್ಟೆಯ ಬಳಿ ಮುಳುಗುವುದೆಂದರೆ ಆತ್ಮಹತ್ಯೆಗೆ ಸಮ ಎನ್ನುವುದು ಇದರಿಂದಲೇ.

ಹಾರೋಬೆಲೆಯ ತೊಡಕು ಬೇರೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುವುದು ಅದಕ್ಕಿಂತ ಮೇಲೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬಹುದು, ಕಿವಿಗೆ, ಬಾಯಿಗೆ ಬೀಗ ಹಾಕಲಾಗದು. ಇನ್ನು ಮೇಕೆದಾಟಿನಲ್ಲಿ ಕಾವೇರಿ ಬಂಡೆ ಸೀಳಿನಲ್ಲಿ ನುಗ್ಗುವ ರಭಸ, ಬಂಡೆಯೊಳಗೆ ನೀರು ಕೊರೆದ ಗುಂಡಿಗಳು, ನಿಶ್ಚಲವಾಗಿ ಕಾಣುವ ಮಡುವಿನ ಅಡಿಯ ಸೆಳೆತ ಎಷ್ಟು ಮಂದಿಯನ್ನು ನುಂಗಿವೆ ಎಂಬುದನ್ನು ಕನಕಪುರದವರು ಬಲ್ಲರು. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಿಂದ ಬಂದ ಐವರು ವಿದ್ಯಾರ್ಥಿಗಳು ಸಂಗಮದ ಬಳಿ ಒಂದೇ ದಿನ ನೀರುಪಾಲಾದರು. ಅದು ಬೇಸಿಗೆ, ನದಿ ಮೈದುಂಬಿ ಹರಿಯುವ ಕಾಲವೂ ಅಲ್ಲ.

ಉಳಿಯುವುದು ಕ್ವಾರಿ

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಕೊನೆಗೆ ಉಳಿಯುವುದು ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲದ ನೀರು: ಕಲ್ಲು ತೆಗೆದು ಬಿಟ್ಟ ಕ್ವಾರಿ ಹೊಂಡಗಳು. ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಶಿಲೆಗೆ ಆ ಹೆಸರು ಬಂದದ್ದೇ ರಾಮನಗರದ ಹಳೆಯ ಹೆಸರಿನಿಂದ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನ ಪೇಟೆ ಅದು. ಈ ನಸುಗೆಂಪು, ಬೂದು ಕಲ್ಲಿಗೆ ಬೇಡಿಕೆ ಬಂದ ಮೇಲೆ ಕನಕಪುರ, ಮಾಗಡಿ, ರಾಮನಗರದ ಬಂಡೆಗಳು ಚಪ್ಪಡಿಗಳಾಗಿ ಲಾರಿ ಹತ್ತಿದವು. ಕಲ್ಲು ಹೋದ ಜಾಗದಲ್ಲಿ ಮಳೆ ಮತ್ತು ಬುಗ್ಗೆಯ ನೀರು ನಿಂತಿತು.

ಕ್ವಾರಿಯ ನೀರಿಗೆ ಹೊಳೆ ಸೇರುವುದಿಲ್ಲವಾದ್ದರಿಂದ ಹೂಳು ಕಡಿಮೆ, ಸೆಳೆತವಿಲ್ಲ, ತೂಬಿಲ್ಲ. ಕಲ್ಲಿನ ತಳವಾದ್ದರಿಂದ ನೀರು ಬೇಗ ತಿಳಿಯಾಗುತ್ತದೆ. ಇಂಥದ್ದನ್ನೇ ಇಂಗ್ಲೆಂಡಿನವರು ಬಳಸಿಕೊಂಡಿದ್ದಾರೆ. ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಒಂದು ಕಾಲಕ್ಕೆ ಗ್ರಾನೈಟ್ ಕ್ವಾರಿ. 1958ರಲ್ಲಿ ಕೆಲಸ ನಿಂತು, ಬುಗ್ಗೆ ನೀರು ತುಂಬಿ, ಈಗ ಆ ದೇಶದ ಅತಿ ಹೆಸರುವಾಸಿಯಾದ ಒಳನಾಡಿನ ಮುಳುಗುತಾಣಗಳಲ್ಲಿ ಒಂದಾಗಿದೆ. ಕಲ್ಲು ಕಡಿದ ಮೆಟ್ಟಿಲುಗಳೇ ಅಲ್ಲಿ ತರಗತಿಗಳು: ಆರೇಳು ಮೀಟರಿನ ಜಗಲಿ ಹೊಸಬರಿಗೆ, ಇಪ್ಪತ್ತು ಚಿಲ್ಲರೆ ಮೀಟರಿನದು ಪಳಗಿದವರಿಗೆ, ಸುಮಾರು 35 ಮೀಟರಿನ ತಳ ನುರಿತವರಿಗೆ. ನೋಡಲು ಏನಾದರೂ ಇರಲಿ ಎಂದು 2000ದಲ್ಲಿ ಒಂದು ಹಳೆಯ ಟಗ್ ಹಡಗನ್ನೇ ಮುಳುಗಿಸಿಟ್ಟಿದ್ದಾರೆ. ಪ್ರವೇಶಕ್ಕೆ ಶುಲ್ಕ, ಮುಳುಗಲು ಅರ್ಹತಾಪತ್ರ ಬೇಕು.

ನಮ್ಮ ಕ್ವಾರಿಗಳು ಹಾಗೆಯೇ ಸಿದ್ಧವಾಗಿವೆ ಎಂದೇನೂ ತಿಳಿಯಬೇಕಿಲ್ಲ. ಕೆರೆಗೆ ಇಳಿಜಾರು ದಡವಿದೆ, ಕ್ವಾರಿಗೆ ಇರುವುದು ಕಡಿದಾದ ಗೋಡೆ. ಹಾರಿದವನಿಗೆ ಹಿಡಿದು ಹತ್ತಲು ಹುಲ್ಲುಕಡ್ಡಿಯೂ ಸಿಗದು. ಈಜು ಬಲ್ಲ ಹುಡುಗರೂ ಕ್ವಾರಿಯಲ್ಲಿ ಸಾಯುವುದು ಬಹುತೇಕ ಈ ಕಾರಣಕ್ಕೆ. ದಣಿದು, ಗೋಡೆ ತಡವುತ್ತಾ ಮುಳುಗುತ್ತಾರೆ. ಸಿಡಿಮದ್ದಿನ ಏಟಿಗೆ ಬಿರುಕುಬಿಟ್ಟ ಗೋಡೆಯಿಂದ ಕಲ್ಲು ಉರುಳಬಹುದು. ತಳದಲ್ಲಿ ತುಕ್ಕು ಹಿಡಿದ ತಂತಿ, ಕಬ್ಬಿಣ, ಯಾರೋ ತಂದು ಸುರಿದ ಕಸ. ಮೇಲ್ಪದರ ಬಿಸಿಲಿಗೆ ಬೆಚ್ಚಗಿದ್ದರೂ ಆಳದಲ್ಲಿ ಥಟ್ಟನೆ ತಣ್ಣನೆಯ ಪದರ ಎದುರಾಗುತ್ತದೆ, ಅದರ ಕೆಳಗೆ ಬೆಳಕೂ ಕಡಿಮೆ.

ಹೊಸ ತಾಣ ಹುಡುಕುವವರ ಮೊದಲ ಆಯುಧ ಉಪಗ್ರಹ ಚಿತ್ರ. ಅದರಲ್ಲಿ ಕೆರೆಗಳು ಕಂದು, ಹಸಿರಾಗಿ ಕಂಡರೆ ಆಳದ ಕ್ವಾರಿಗಳು ಕಡು ನೀಲಿ ಅಥವಾ ಪಚ್ಚೆಯಾಗಿ, ಗೆರೆ ಎಳೆದಂಥ ಅಂಚಿನೊಡನೆ ಕಾಣುತ್ತವೆ. ಎರಡನೆಯದು ಹಗ್ಗ. ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಆಳ ತಿಳಿಯುತ್ತದೆ. ಮೂರನೆಯದು ಬಿಳಿ ತಟ್ಟೆ. ಇಟಲಿಯ ಪಾದ್ರಿ, ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಮಾಡಿ ತೋರಿಸಿದ ಉಪಾಯವಿದು. ತಟ್ಟೆಯನ್ನು ದಾರದಲ್ಲಿ ಇಳಿಸುತ್ತಾ ಅದು ಕಣ್ಮರೆಯಾದ ಆಳವನ್ನು ಗುರುತು ಮಾಡಿಕೊಂಡರೆ ನೀರಿನ ತಿಳಿತನಕ್ಕೆ ಒಂದು ಅಂಕಿ ಸಿಕ್ಕಂತೆ. ಇಷ್ಟಕ್ಕೆ ನೀರಿಗಿಳಿಯುವ ಅಗತ್ಯವೇ ಇಲ್ಲ.

ಯಾರ ನೀರು?

ತಾಣ ಸಿಕ್ಕಿತು ಎನ್ನೋಣ. ಮುಂದೆ? ಮೊದಲು ಸರ್ವೆ ನಂಬರು ಹಿಡಿದು ಪಹಣಿ ತೆಗೆಸಬೇಕು. ಕ್ವಾರಿ ಹೊಂಡ ಖಾಸಗಿ ಹಿಡುವಳಿಯಲ್ಲಿದ್ದರೆ ಪಹಣಿಯ 9ನೇ ಕಾಲಂನಲ್ಲಿರುವ ಮಾಲೀಕರ ಒಪ್ಪಿಗೆ ಬೇಕು. ಗೋಮಾಳವೋ ಸರ್ಕಾರಿ ಖರಾಬೋ ಆಗಿದ್ದರೆ ತಹಶೀಲ್ದಾರರು, ಜಿಲ್ಲಾಧಿಕಾರಿ. ಅರಣ್ಯವಾಗಿದ್ದರೆ ಅರಣ್ಯ ಇಲಾಖೆ. ಗುತ್ತಿಗೆ ಮುಗಿದಿದೆಯೋ ಚಾಲ್ತಿಯಲ್ಲಿದೆಯೋ ಎಂಬುದನ್ನು ಹೇಳಬೇಕಾದುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕಲ್ಲಿನ ಗುತ್ತಿಗೆಗಳೆಲ್ಲ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಅಡಿಯಲ್ಲಿ ಬರುತ್ತವೆ. ಪಕ್ಕದ ಸರ್ವೆ ನಂಬರಿನಲ್ಲಿ ಇನ್ನೂ ಸಿಡಿಮದ್ದು ಸಿಡಿಸುತ್ತಿದ್ದರೆ ಈ ಹೊಂಡವನ್ನು ಮರೆಯುವುದೇ ಲೇಸು. ನೀರಿನಲ್ಲಿ ಸ್ಫೋಟದ ಏಟು ಗಾಳಿಯಲ್ಲಿಗಿಂತ ಬಹಳ ದೂರ ಮುಟ್ಟುತ್ತದೆ.

ಕೆರೆಯಾದರೆ ಅಚ್ಚುಕಟ್ಟಿನ ಲೆಕ್ಕ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನದು ಪಂಚಾಯಿತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಎಂಬುದು ಸ್ಥೂಲವಾದ ಹಂಚಿಕೆ. ಅದರ ಮೇಲೆ 2014ರ ಕೆರೆ ಸಂರಕ್ಷಣಾ ಪ್ರಾಧಿಕಾರ ಕಾಯ್ದೆ. ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರದೋ ಮೀನುಗಾರರ ಸಹಕಾರ ಸಂಘದ್ದೋ ಆಗಿರುತ್ತದೆ, ಬಲೆ ಬಿಟ್ಟ ದಿನ ಯಾರೂ ಮುಳುಗುವಂತಿಲ್ಲ. ದೇವಸ್ಥಾನದ ಕಲ್ಯಾಣಿಯಾದರೆ ಮುಜರಾಯಿ. ಇವರೆಲ್ಲರ ಸಹಿ ಬಿದ್ದರೂ ಊರಿನವರು ಒಪ್ಪಬೇಕು. ಗಂಗಮ್ಮನ ಪೂಜೆ ನಡೆಯುವ, ದನಕ್ಕೆ ನೀರು ಕುಡಿಸುವ, ಕೆಲವೆಡೆ ಮನೆಗೂ ಒಯ್ಯುವ ನೀರಿನಲ್ಲಿ ಪಟ್ಟಣದವರು ರಬ್ಬರು ಉಡುಪು ತೊಟ್ಟು ಇಳಿದರೆ ಅವರು ಪ್ರಶ್ನೆ ಕೇಳುವುದು ನ್ಯಾಯವೇ. ಅರ್ಜಿಗಿಂತ ಮೊದಲು ಅರಳಿಕಟ್ಟೆಯಲ್ಲಿ ಕುಳಿತು ಮಾತಾಡಿದವರಿಗೆ ಕೆಲಸ ಬೇಗ ಆಗುತ್ತದೆ.

ಅಣೆಕಟ್ಟೆಗಳಲ್ಲಿ ಮಂಚನಬೆಲೆ, ಕಣ್ವ, ಹಾರೋಬೆಲೆ 2003ರಲ್ಲಿ ಸ್ಥಾಪನೆಯಾದ ಕಾವೇರಿ ನೀರಾವರಿ ನಿಗಮದ ಸುಪರ್ದಿನಲ್ಲಿವೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಬಂದ ಮೇಲೆ ಎಂಜಿನಿಯರರು ಹೆಚ್ಚು ಎಚ್ಚರ ವಹಿಸಿದರೆ ಅವರನ್ನು ದೂರುವಂತಿಲ್ಲ. ಸಂಗಮ, ಮೇಕೆದಾಟುಗಳು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ವನ್ಯಧಾಮ ಪ್ರವೇಶಕ್ಕೆ ಅನುಮತಿ ಕೊಡಬೇಕಾದವರು ಮುಖ್ಯ ವನ್ಯಜೀವಿ ಪರಿಪಾಲಕರು. ಮೊಸಳೆ, ನೀರುನಾಯಿ, ಮಹಸೀರ್ ಮೀನುಗಳ ಮನೆ ಅದು. ಅನುಮತಿ ಸಿಕ್ಕರೂ ಮೊಸಳೆಯ ಅಭಿಪ್ರಾಯ ಬೇರೆಯೇ ಇರಬಹುದು.

ಇದರ ಮೇಲೆ ನಿಷೇಧಾಜ್ಞೆಗಳಿವೆ. ಸಾವುಗಳು ಹೆಚ್ಚಿದ ಜಲತಾಣಗಳಲ್ಲಿ ನೀರಿಗಿಳಿಯದಂತೆ ಆಜ್ಞೆ ಹೊರಡಿಸುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಿದೆ. 2024ರ ಜುಲೈ 1ರವರೆಗೆ ಹಳೆಯ ಸಂಹಿತೆಯ 144ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದುದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಇಂಥ ಆಜ್ಞೆ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವುದಿಲ್ಲ, ಸರ್ಕಾರ ವಿಸ್ತರಿಸಬಹುದು. ಆದ್ದರಿಂದ ಹೋದ ವರ್ಷದ ಅನುಭವ ಈ ವರ್ಷಕ್ಕೆ ಆಧಾರವಾಗದು. ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಹೊರಡುವುದು ಒಳ್ಳೆಯದು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2018ರಲ್ಲಿ ಸಾಹಸ ಪ್ರವಾಸ ನಡೆಸುವವರ ಸಂಘದ ಜತೆ ಹೊರತಂದ ಮಾರ್ಗಸೂಚಿಯಲ್ಲಿ ಸ್ಕೂಬಾಕ್ಕೂ ಜಾಗವಿದೆ. ಮಾರ್ಗದರ್ಶಕರ ಅರ್ಹತೆ, ಸಲಕರಣೆಯ ತಪಾಸಣೆ, ತುರ್ತು ಆಮ್ಲಜನಕ, ವೈದ್ಯಕೀಯ ಘೋಷಣೆ ಇತ್ಯಾದಿ. ಆದರೆ ಅದು ದಾರಿ ತೋರಿಸುವ ಕೈಮರ. ಮಾಗಡಿಯ ಹೊಂಡಕ್ಕೆ ಯಾರು ಒಪ್ಪಿಗೆ ಕೊಡಬೇಕೆಂದು ಅದು ಹೇಳುವುದಿಲ್ಲ.

2016ರ ನವೆಂಬರ್ 7

ಇಷ್ಟು ಸಹಿಗಳು ಏಕೆ ಬೇಕು, ಸರ್ಕಾರಿ ಕಚೇರಿಗಳ ಅಡ್ಡಗಾಲಲ್ಲವೇ ಇದು ಎಂದು ಕೇಳುವವರು ತಿಪ್ಪಗೊಂಡನಹಳ್ಳಿಯನ್ನು ನೆನೆಯಬೇಕು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರದ ಸಾಹಸ ದೃಶ್ಯಕ್ಕಾಗಿ ಮೂವರು ನಟರು ಹೆಲಿಕಾಪ್ಟರಿನಿಂದ ಆ ಜಲಾಶಯಕ್ಕೆ ಜಿಗಿದರು. ನಾಯಕ ದುನಿಯಾ ವಿಜಯ್ ಪಾರಾದರು. ಖಳನಟರಾದ ಅನಿಲ್ ಮತ್ತು ಉದಯ್ ಮುಳುಗಿದರು. ಇಬ್ಬರ ಮೈಮೇಲೂ ಜೀವರಕ್ಷಕ ಕವಚ ಇರಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದು ಎಂಬುದನ್ನು ಜಿಗಿಯುವ ಮುನ್ನ ಟಿ.ವಿ. ಕ್ಯಾಮೆರಾ ಮುಂದೆಯೇ ಅವರು ಆಡಿದ್ದರು. ಇಡೀ ನಾಡು ಆ ದೃಶ್ಯವನ್ನು ಮತ್ತೆ ಮತ್ತೆ ನೋಡಿತು. ದೇಹಗಳು ಸಿಗಲು ದಿನಗಳೇ ಬೇಕಾದವು.

ಅನುಮತಿ ಇರಲಿಲ್ಲವೇ? ಇತ್ತು. ಜಲಾಶಯದ ಒಡೆತನ ಹೊಂದಿದ ಬೆಂಗಳೂರು ಜಲಮಂಡಳಿ ಚಿತ್ರೀಕರಣಕ್ಕೆ ಒಪ್ಪಿಗೆ ಕೊಟ್ಟಿತ್ತು. ನೀರಿಗೆ ಜಿಗಿಯುವ ಸಾಹಸಕ್ಕೆ ಕೊಟ್ಟಿರಲಿಲ್ಲ ಎಂಬುದು ದುರಂತದ ನಂತರ ಮಂಡಳಿಯವರು ಹೇಳಿದ ಮಾತು. ತಾವರೆಕೆರೆ ಪೊಲೀಸರು ಪ್ರಕರಣ ದಾಖಲಿಸಿದರು. ಕಾಗದದಲ್ಲಿ ಚಿತ್ರೀಕರಣ ಎಂಬ ಒಂದೇ ಪದ ಇದ್ದು, ನೀರಿಗೆ ಯಾರು ಇಳಿಯುತ್ತಾರೆ, ಮುಳುಗಿದರೆ ಎತ್ತಲು ಯಾರು ಸಿದ್ಧರಿರುತ್ತಾರೆ ಎಂಬ ಎರಡು ಸಾಲು ಇಲ್ಲದಿದ್ದರೆ ಆ ಕಾಗದ ಯಾರನ್ನೂ ಕಾಯುವುದಿಲ್ಲ. ಕಚೇರಿಯವರು ಕೇಳಬೇಕಾದುದೂ ಅರ್ಜಿದಾರರು ಬರೆಯಬೇಕಾದುದೂ ಈ ಎರಡು ಸಾಲುಗಳನ್ನೇ. ವಾಸ್ತವದಲ್ಲಿ ಆಗುವುದು ಬೇರೆ. ಒಂದು ಕಡೆ ಕಷ್ಟವೇ ಬೇಡವೆಂದು ಸಾರಾಸಗಟು ನಿಷೇಧ, ಇನ್ನೊಂದು ಕಡೆ ನಿಷೇಧದ ಫಲಕಕ್ಕೆ ಬಟ್ಟೆ ನೇತುಹಾಕಿ ನೀರಿಗೆ ಹಾರುವ ಹುಡುಗರು. ನಡುವಿನ ದಾರಿಯನ್ನು ಯಾರೂ ಹಾಕಿಲ್ಲ.

ಎತ್ತುವವರು ಯಾರು?

ಮಂಚನಬೆಲೆಯಲ್ಲೋ ಕ್ವಾರಿಯಲ್ಲೋ ಯಾರಾದರೂ ಮುಳುಗಿದರೆ ಮೊದಲು ಬರುವವರು ಊರಿನ ಈಜುಗಾರರು ಮತ್ತು ತೆಪ್ಪದವರು, ಆಮೇಲೆ ಅಗ್ನಿಶಾಮಕ ಮತ್ತು ತುರ್ತು ಸೇವೆಯವರು. ಬಾವಿಗೆ ಬಿದ್ದ ಕೊಡ ಎತ್ತಲು ಅಜ್ಜಿಯರು ಇಟ್ಟುಕೊಂಡಿದ್ದ ಪಾತಾಳಗರಡಿ ಇಂದಿಗೂ ಈ ಶೋಧದಲ್ಲಿ ಬಳಕೆಯಲ್ಲಿದೆ. ಆಳದ ನೀರಿನಲ್ಲಿ ಅದು ಅದೃಷ್ಟದ ಆಟ. ಗಾಳಿಯ ಸಿಲಿಂಡರ್ ಹೊತ್ತು ಕತ್ತಲ ನೀರಿನಲ್ಲಿ ಕೈಯಿಂದ ತಡವುತ್ತಾ, ಹಗ್ಗದ ಗೆರೆ ಹಿಡಿದು ಅಂಗುಲ ಅಂಗುಲ ಶೋಧಿಸುವುದು ಬೇರೆಯೇ ಕಸುಬು. ಅದಕ್ಕೆ ನಿರಂತರ ಅಭ್ಯಾಸ ಬೇಕು.

ಈ ಕಸುಬಿನ ಮಿತಿ ಏನೆಂಬುದನ್ನು 2024ರಲ್ಲಿ ಉತ್ತರ ಕನ್ನಡದ ಶಿರೂರು ತೋರಿಸಿತು. ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದ ಲಾರಿಯೊಂದನ್ನು ಹುಡುಕಲು ನೌಕಾಪಡೆಯ ಮುಳುಗು ತಜ್ಞರು ಬಂದರು, ಮಲ್ಪೆಯ ಈಶ್ವರ್ ಮಲ್ಪೆ ತಮ್ಮ ತಂಡದೊಂದಿಗೆ ಇಳಿದರು. ನದಿಯ ರಭಸ ಮತ್ತು ಕೆಸರು ಅವರನ್ನು ಮತ್ತೆ ಮತ್ತೆ ದಡಕ್ಕೆ ತಳ್ಳಿತು. ಲಾರಿಯೂ ಚಾಲಕನ ದೇಹವೂ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಹವ್ಯಾಸಿಗಳು ಕೇಳುತ್ತಿರುವ ಕ್ವಾರಿಗೂ ಈ ಶೋಧಕರಿಗೂ ಸಂಬಂಧವಿದೆ. ಅಳತೆ ಮಾಡಿದ, ಕಸ ತೆಗೆದ, ಹತ್ತಲು ಕಬ್ಬಿಣದ ಏಣಿ ಮತ್ತು ತೇಲುವ ಅಟ್ಟಣೆ ಇರುವ ಒಂದೇ ಒಂದು ಹೊಂಡವನ್ನು ಜಿಲ್ಲಾಡಳಿತ ಗುರುತಿಸಿಕೊಟ್ಟರೆ ವಾರದ ದಿನಗಳಲ್ಲಿ ಅಗ್ನಿಶಾಮಕ ಸಿಬ್ಬಂದಿ ಮತ್ತು ತೆಪ್ಪದ ಹುಡುಗರು ಅಲ್ಲಿ ಅಭ್ಯಾಸ ಮಾಡಬಹುದು, ಶನಿವಾರ ಭಾನುವಾರ ಹವ್ಯಾಸಿಗಳ ಶುಲ್ಕದಲ್ಲಿ ಅದರ ಖರ್ಚು ನಡೆಯಬಹುದು. ರಾಮನಗರದ ಬಂಡೆಗಳಲ್ಲಿ ಯುವಕರಿಗೆ ಹತ್ತಲು ಕಲಿಸಿದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಸರ್ಕಾರದ್ದೇ ಸಂಸ್ಥೆ. ಹೊಸ ಇಲಾಖೆ ಹುಟ್ಟುಹಾಕುವ ಪ್ರಮೇಯವಿಲ್ಲ.

ಅರ್ಜಿಯ ಜತೆ ಇರಬೇಕಾದ ಕಾಗದಗಳೂ ಬಹಳವಲ್ಲ. ಪಹಣಿ, ಹೊಂಡದ ಅಳತೆಯ ನಕ್ಷೆ, ಹತ್ತಿರದ ಕ್ವಾರಿಗಳ ಸ್ಥಿತಿ, ನೀರಿನ ಪರೀಕ್ಷಾ ವರದಿ, ಇಳಿಯುವವರ ಅರ್ಹತಾಪತ್ರ, ದಡದಲ್ಲಿ ನಿಲ್ಲುವವರ ಹೆಸರು, ಆಮ್ಲಜನಕ ಮತ್ತು ವಾಹನದ ವ್ಯವಸ್ಥೆ, ಹತ್ತಿರದ ಆಸ್ಪತ್ರೆಯ ದೂರ. ಹೊಸದಾಗಿ ಕಲಿತವರಿಗೆ 18 ಮೀಟರು, ಹವ್ಯಾಸಿಗಳಲ್ಲಿ ನುರಿತವರಿಗೂ 40 ಮೀಟರು ಎಂಬ ಅಂತರರಾಷ್ಟ್ರೀಯ ರೂಢಿಯ ಮಿತಿಯನ್ನು ಅದರಲ್ಲೇ ಬರೆದುಕೊಡಬೇಕು. ಎತ್ತರದ ಲೆಕ್ಕ ಹಿಡಿದರೆ ಇಲ್ಲಿ ಇನ್ನೂ ಎರಡು ಮೀಟರು ಬಿಟ್ಟುಕೊಡುವುದು ವಾಸಿ.

ಹೊಂಡದ ನಿಜರೂಪ ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ನೀರು ಇಳಿದು ಗೋಡೆಯ ಬಿರುಕು, ಜಗಲಿ, ಎಸೆದ ಕಬ್ಬಿಣ ಬಯಲಾಗುತ್ತವೆ. ಕೆರೆಯಾದರೆ ತೂಬಿನ ಬಾಯಿ, ಅಂಗಳದ ಹಳೆಯ ಬಾವಿಗಳೂ ಕಾಣುತ್ತವೆ. ಮಳೆ ನಿಂತು ಮಣ್ಣು ತಳ ಸೇರಿ ನೀರು ತಿಳಿಯಾಗುವುದು ದೀಪಾವಳಿ ಕಳೆದ ಮೇಲೆ. ಚಳಿಗಾಲದಲ್ಲಿ ಮುಳುಗಬೇಕೆನ್ನುವವರು ಹಗ್ಗ, ಕಲ್ಲು, ಬಿಳಿ ತಟ್ಟೆ ಹಿಡಿದು ಬೇಸಿಗೆಯಲ್ಲೇ ಒಮ್ಮೆ ಹೋಗಿ ಬರಬೇಕು. ಅರ್ಜಿಯನ್ನೂ ಆಗಲೇ ಕೊಟ್ಟರೆ ಕಡತ ಮೇಜಿನಿಂದ ಮೇಜಿಗೆ ಸಾಗಲು ಆರು ತಿಂಗಳು ಕೈಯಲ್ಲಿರುತ್ತದೆ.